ಅರ್ಧ ಚೌಕಟ್ಟಿನ ಸಂಸಾರ: ಒಲಿಂಪಸ್ ಪೆನ್ ಎಫ್ ಕೊಂಡು ಬಳಸುವವರಿಗೊಂದು ಸಮಗ್ರ ಮಾರ್ಗದರ್ಶಿ

"ಸಾರ್, ನಿಮ್ಮ ಕ್ಯಾಮೆರಾದಲ್ಲಿ ಏನೋ ದೋಷವಿದೆ. ಒಂದು ಫೋಟೊ ಇರಬೇಕಾದ ಜಾಗದಲ್ಲಿ ಎರಡೆರಡು ಬಂದಿವೆ" ಎಂದು ಫಿಲ್ಮ್ ತೊಳೆಯುವ ಲ್ಯಾಬಿನ ಹುಡುಗ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂದಿತ್ತು. ಸಂಜೆ ಹೋಗಿ ನೆಗೆಟಿವ್ ಕೈಗೆ ತೆಗೆದುಕೊಂಡ ಮೇಲೆ ನಗು ಉಳಿಯಲಿಲ್ಲ. ಯಂತ್ರ ತನ್ನ ಲೆಕ್ಕದಂತೆ ಫಿಲ್ಮನ್ನು ತುಂಡು ಮಾಡಿತ್ತು. ಒಂದು ಕಡೆ ಕತ್ತರಿ ನಮ್ಮ ಸೋದರತ್ತೆಯ ಮುಖದ ನಡುವೆಯೇ ಹೋಗಿತ್ತು: ಮೂಗುಬೊಟ್ಟು ಒಂದು ತುಂಡಿನಲ್ಲಿ, ಕಿವಿಯ ಓಲೆ ಇನ್ನೊಂದರಲ್ಲಿ. ತಪ್ಪು ಆ ಹುಡುಗನದಲ್ಲ. ನಾನು ಬಳಸುವುದು ಹಾಫ್‌ಫ್ರೇಮ್ ಕ್ಯಾಮೆರಾ ಎಂದು ಮುಂಚೆಯೇ ಹೇಳಬೇಕಿತ್ತು, ಹೇಳಿರಲಿಲ್ಲ.

ಹೆಚ್ಚು ಜನ ಬಳಸದ ಅಳತೆಯ ಕ್ಯಾಮೆರಾ ಇಟ್ಟುಕೊಂಡವರ ಪಾಡು ಇದೇ. ಕ್ಯಾಮೆರಾ ಕಲಿಯಲು ಒಂದು ವಾರ ಸಾಕು. ಅದನ್ನು ಮುಟ್ಟುವ ಉಳಿದವರಿಗೆಲ್ಲ, ಅಂದರೆ ಮಾರುವವರಿಗೆ, ರಿಪೇರಿ ಮಾಡುವವರಿಗೆ, ತೊಳೆಯುವವರಿಗೆ, ಸ್ಕ್ಯಾನ್ ಮಾಡುವವರಿಗೆ, ವಿವರಿಸಿ ಹೇಳುವ ಕೆಲಸ ಮಾತ್ರ ಕೊನೆಯವರೆಗೂ ನಿಮ್ಮದೇ. ಈ ಬರಹದಲ್ಲಿ ಎರಡನ್ನೂ ಹೇಳುತ್ತೇನೆ.

ಮೊದಲು, ಇದು ಏನು?

ಸಾಮಾನ್ಯ 35 ಎಂಎಂ ಫಿಲ್ಮಿನಲ್ಲಿ ಒಂದು ಚಿತ್ರದ ಅಳತೆ 24×36 ಮಿಲಿಮೀಟರ್. ಅದನ್ನು ನಡುವೆ ಸೀಳಿದರೆ 18×24 ಮಿಲಿಮೀಟರಿನ ಎರಡು ನಿಂತ ಚೌಕಟ್ಟುಗಳು ಸಿಗುತ್ತವೆ. ಇದೇ ಹಾಫ್‌ಫ್ರೇಮ್. 36 ಚಿತ್ರದ ರೀಲಿನಲ್ಲಿ 72 ಚಿತ್ರ. ಜಪಾನಿನ ಒಲಿಂಪಸ್ ಕಂಪನಿಯ ಯೋಶಿಹಿಸಾ ಮೈತಾನಿ ಎಂಬ ವಿನ್ಯಾಸಕ 1959ರಲ್ಲಿ 'ಪೆನ್' ಎಂಬ ಪುಟ್ಟ ಹಾಫ್‌ಫ್ರೇಮ್ ಕ್ಯಾಮೆರಾ ರೂಪಿಸಿದರು. ಜೇಬಿನಲ್ಲಿ ಪೆನ್ನಿನಂತೆ ಇಟ್ಟುಕೊಳ್ಳಬಹುದಾದದ್ದು ಎಂಬ ಅರ್ಥದಲ್ಲಿ ಆ ಹೆಸರು. 1963ರಲ್ಲಿ ಅದೇ ಅಳತೆಗೆ ಲೆನ್ಸ್ ಬದಲಿಸಬಹುದಾದ ಎಸ್ಎಲ್ಆರ್, ಅಂದರೆ ಒಳಗಿನ ಕನ್ನಡಿಯ ನೆರವಿನಿಂದ ಲೆನ್ಸಿನ ಮೂಲಕವೇ ನೋಡಿ ತೆಗೆಯುವ ಕ್ಯಾಮೆರಾ, ಬಂತು. ಅದೇ ಪೆನ್ ಎಫ್.

ಎಸ್ಎಲ್ಆರ್ ಎಂದರೆ ನೆತ್ತಿಯ ಮೇಲೊಂದು ಗೋಪುರ ಇರಲೇಬೇಕು ಎಂದು ನಾವು ನಂಬಿಕೊಂಡಿದ್ದೇವೆ. ಪೆನ್ ಎಫ್‌ಗೆ ಗೋಪುರವಿಲ್ಲ, ತಲೆ ಚಪ್ಪಟೆ. ಒಳಗಿನ ಕನ್ನಡಿ ಮೇಲಕ್ಕೆ ಏಳುವ ಬದಲು ಬಾಗಿಲಿನಂತೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಬಿಂಬ ಅಲ್ಲಿಂದ ಅಡ್ಡಡ್ಡ ಸಾಗಿ ನಾವು ಕಣ್ಣಿಟ್ಟು ನೋಡುವ ಎಡಮೂಲೆಯ ಕಿಂಡಿಗೆ ಬರುತ್ತದೆ. ಫಿಲ್ಮಿಗೆ ಬೇಕಾದಷ್ಟು ಹೊತ್ತು ಮಾತ್ರ ಬೆಳಕು ಬಿಡುವ ಶಟರ್ ಕೂಡ ಬೇರೆ ಜಾತಿಯದು. ಪರದೆಗಳು ಓಡುವ ಬದಲು ಟೈಟೇನಿಯಂ ತಗಡಿನ ಒಂದು ಚಕ್ರ ತಿರುಗುತ್ತದೆ. ಹಾಗಾಗಿ 1/500 ಸೆಕೆಂಡಿನಲ್ಲಿಯೂ ಚೌಕಟ್ಟು ಒಮ್ಮೆ ಪೂರ್ತಿ ತೆರೆದಿರುತ್ತದೆ, ಎಲ್ಲ ವೇಗದಲ್ಲೂ ಫ್ಲಾಶ್ ಬಳಸಬಹುದು. ಆ ಕಾಲದ ಬಹುಪಾಲು ಪೂರ್ಣಚೌಕಟ್ಟಿನ ಎಸ್ಎಲ್ಆರ್‌ಗಳಿಗೆ ಇದು ಸಾಧ್ಯವಿರಲಿಲ್ಲ.

ಇಷ್ಟೆಲ್ಲ ಇದ್ದೂ ಈ ಅಳತೆ ಹಿಂದೆ ಸರಿಯಿತು. ಫಿಲ್ಮ್ ಅಗ್ಗವಾದಂತೆ ಉಳಿತಾಯದ ಆಸೆ ಕಡಿಮೆಯಾಯಿತು, ಪೂರ್ಣ ಚೌಕಟ್ಟಿನ ಕ್ಯಾಮೆರಾಗಳೇ ಚಿಕ್ಕದಾದವು. ಅದೇ ಮೈತಾನಿ 1972ರಲ್ಲಿ ತಂದ ಒಎಂ-1 ಅಂಥದ್ದೇ ಒಂದು. ಈಗ ಫಿಲ್ಮ್ ಮತ್ತೆ ದುಬಾರಿ. 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಸ ಹಾಫ್‌ಫ್ರೇಮ್ ಕ್ಯಾಮೆರಾ ಬಂದಿತು. ಆದರೆ ಅದು ಎಸ್ಎಲ್ಆರ್ ಅಲ್ಲ; ದೂರವನ್ನು ಅಂದಾಜಿನಲ್ಲಿ ಹೊಂದಿಸಬೇಕು. ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡಬೇಕೆಂದರೆ ಅರವತ್ತು ವರ್ಷ ಹಳೆಯ ಈ ಪೆಟ್ಟಿಗೆಯ ಕಡೆಗೇ ಬರಬೇಕು.

ಹೆಜ್ಜೆ 1: ಮೂವರಲ್ಲಿ ಯಾರು?

ಈ ಕುಟುಂಬದಲ್ಲಿ ಮೂವರಿದ್ದಾರೆ. ಹಿರಿಯದು ಪೆನ್ ಎಫ್, 1963ರದು. ಮುಂಭಾಗದಲ್ಲಿ ಹಳೆಯ ಗಾಥಿಕ್ ಶೈಲಿಯ 'ಎಫ್' ಅಕ್ಷರ ಕೊರೆದಿರುತ್ತದೆ. ಬೆಳಕಿನ ಮೀಟರ್ ಇಲ್ಲ. ಫಿಲ್ಮ್ ಮುಂದೆ ಸರಿಸಲು ಸನ್ನೆಯನ್ನು (ಲಿವರ್) ಎರಡು ಸಲ ಎಳೆಯಬೇಕು. ಎರಡನೆಯದು 1966ರ ಪೆನ್ ಎಫ್‌ಟಿ. ಒಳಗೇ ಮೀಟರ್ ಇದೆ, ಒಂದೇ ಎಳೆತ ಸಾಕು, ಸೆಲ್ಫ್ ಟೈಮರ್ ಉಂಟು. ಮೂರನೆಯದು 1967ರ ಎಫ್‌ವಿ, ಅಂದರೆ ಮೀಟರ್ ತೆಗೆದುಹಾಕಿದ ಎಫ್‌ಟಿ.

ಎಲ್ಲರೂ ಎಫ್‌ಟಿ ಹುಡುಕುತ್ತಾರೆ. ನನ್ನಲ್ಲಿ ಇರುವುದೂ ಅದೇ. ಆದರೂ ಹೊಸಬರು ಕೇಳಿದರೆ ಎಫ್‌ವಿ ಸಿಕ್ಕರೆ ಬಿಡಬೇಡಿ, ಇಲ್ಲವಾದರೆ ಹಳೆಯ ಎಫ್ ಕೊಳ್ಳಿ ಎನ್ನುತ್ತೇನೆ. ಎಫ್‌ಟಿಯ ಮೀಟರಿಗೆ ಬೆಳಕು ಕೊಡಲು ಒಳಗಿನ ಒಂದು ಕನ್ನಡಿಯನ್ನು ಅರೆಪಾರದರ್ಶಕ ಮಾಡಿದ್ದಾರೆ. ಕಣ್ಣಿಗೆ ಬರಬೇಕಾದ ಬೆಳಕಿನಲ್ಲಿ ಮೀಟರ್ ಪಾಲು ತಿನ್ನುತ್ತದೆ. ಹಾಗಾಗಿ ಕಿಂಡಿ ಮಂಕು, ಸಂಜೆ ಆರರ ಮೇಲೆ ಫೋಕಸ್ ಮಾಡುವುದು ಕಷ್ಟ. ಅರವತ್ತು ವರ್ಷದ ಮೀಟರ್ ನಿಜ ಹೇಳುತ್ತಿದೆ ಎಂಬ ಭರವಸೆಯೂ ಇಲ್ಲ. ಇದ್ದೂ ನಂಬಲಾಗದ ಮೀಟರಿಗಾಗಿ ಬೆಳಕು ಕಳೆದುಕೊಳ್ಳುವುದು ನಷ್ಟದ ವ್ಯಾಪಾರವೇ ಸರಿ.

ಹುಡುಕುವಾಗ ಇನ್ನೊಂದು ಎಚ್ಚರ. 2016ರಲ್ಲಿ ಒಲಿಂಪಸ್ ಇದೇ 'ಪೆನ್ ಎಫ್' ಹೆಸರಿನಲ್ಲಿ ಒಂದು ಡಿಜಿಟಲ್ ಕ್ಯಾಮೆರಾ ತಂದಿತು. ಹೆಸರು ಒಂದೇ, ನೋಟವೂ ಅದರ ನೆರಳಿನಂತೆ. ಜಾಹೀರಾತಿನ ಚಿತ್ರದಲ್ಲಿ ಫಿಲ್ಮ್ ಎಳೆಯುವ ಸನ್ನೆ ಇದೆಯೇ ನೋಡಿ.

ಹೆಜ್ಜೆ 2: ಹಣ ಕೊಡುವ ಮೊದಲು

ಕ್ಯಾಮೆರಾ ಕೈಗೆ ಬಂದ ಕೂಡಲೇ ಲೆನ್ಸ್ ಕಳಚಿ. ಶಟರ್ ವೇಗದ ಗುಂಡಿ ಇರುವುದು ನೆತ್ತಿಯ ಮೇಲಲ್ಲ, ಮುಂಭಾಗದಲ್ಲಿ ಲೆನ್ಸಿನ ಪಕ್ಕದಲ್ಲಿ. ಅದನ್ನು ಒಂದು ಸೆಕೆಂಡಿಗೆ ಇಟ್ಟು ಸನ್ನೆ ಎಳೆದು ಫೋಟೊ ತೆಗೆಯುವ ಗುಂಡಿ ಒತ್ತಿ, ಕಿವಿ ಹತ್ತಿರ ತನ್ನಿ. ಒಳಗಿನ ಹಲ್ಲುಚಕ್ರಗಳ ಗರಗರ ಒಂದೇ ಸಮನೆ ಕೇಳಿ ಟಕ್ಕೆಂದು ನಿಲ್ಲಬೇಕು. ಮಧ್ಯೆ ಉಸಿರು ಕಟ್ಟಿದಂತಾದರೆ ಹಳೆಯ ಗ್ರೀಸ್ ಒಣಗಿ ಅಂಟಾಗಿದೆ ಎಂದು ಅರ್ಥ. ಅರ್ಧ, ಕಾಲು ಸೆಕೆಂಡು, ಹೀಗೆ 1/500ರವರೆಗೆ ಪ್ರತಿ ವೇಗವನ್ನೂ ಎರಡೆರಡು ಸಲ ಒತ್ತಿ ನೋಡಿ. ಪ್ರತಿ ಸಲವೂ ಕನ್ನಡಿ ತಡಮಾಡದೆ ಮರಳಿ ಬಂದು ಕೂರಬೇಕು. ಕನ್ನಡಿ ಅರ್ಧದಲ್ಲಿ ನಿಂತ ಕ್ಯಾಮೆರಾವನ್ನು "ಸ್ವಲ್ಪ ಬಳಸಿದರೆ ಸರಿಹೋಗುತ್ತದೆ" ಎಂದು ಮಾರುವವರಿದ್ದಾರೆ. ಅದು ಸರಿಹೋಗುವುದು ಬಿಚ್ಚಿ ಶುಚಿ ಮಾಡಿದಾಗ ಮಾತ್ರ.

ಹಿಂಬಾಗಿಲು ತೆರೆದು ಟೈಟೇನಿಯಂ ಚಕ್ರ ಸುಕ್ಕಿಲ್ಲದೆ ಇದೆಯೇ ನೋಡಿ. ಬೆರಳಿನಿಂದ ಮುಟ್ಟಬೇಡಿ, ಅದು ಕಾಗದದಷ್ಟು ತೆಳ್ಳಗಿದೆ. ನಂತರ ಕಿಂಡಿಯಲ್ಲಿ ಕಣ್ಣಿಟ್ಟು ಬಿಳಿ ಗೋಡೆಯ ಕಡೆ ತಿರುಗಿ. ಧೂಳಿನ ಚುಕ್ಕೆಗಳಿದ್ದರೆ ಚಿಂತೆಯಿಲ್ಲ, ಅವು ಫೋಟೊದಲ್ಲಿ ಬರುವುದಿಲ್ಲ. ಕಂದು ಮಚ್ಚೆ, ಕಲೆ ಹರಡಿದಂಥ ಛಾಯೆ ಇದ್ದರೆ ಒಳಗಿನ ಕನ್ನಡಿಯ ಬೆಳ್ಳಿ ಲೇಪ ಎದ್ದಿದೆ. ಎಫ್‌ಟಿಯಲ್ಲಿ ಇದು ಹೆಚ್ಚು. ಫೋಟೊ ಕೆಡುವುದಿಲ್ಲ, ನೋಡುವ ಸುಖ ಕೆಡುತ್ತದೆ. ಬೆಲೆ ಇಳಿಸಿ ಕೇಳಲು ಇದು ಒಳ್ಳೆಯ ನೆಪ.

ಕೊನೆಗೆ ಲೆನ್ಸನ್ನು ಮೊಬೈಲಿನ ಟಾರ್ಚ್ ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಸ್ಟು. ಅಂಚಿನಲ್ಲಿ ಸಣ್ಣದಾಗಿದ್ದರೆ ತೆಗೆಸಬಹುದು. ಗಾಜಿನ ಲೇಪವನ್ನೇ ತಿಂದಿದ್ದರೆ ಬಿಟ್ಟುಬಿಡಿ. ಕರಾವಳಿಯ, ಮಲೆನಾಡಿನ ಮನೆಗಳ ಬೀರುವಿನಿಂದ ಬಂದ ಲೆನ್ಸುಗಳಲ್ಲಿ ಇದನ್ನು ಮೊದಲು ಹುಡುಕಬೇಕು.

ಹೆಜ್ಜೆ 3: ಲೆನ್ಸ್ ಒಂದು ಸಾಕು

ಈ ಚೌಕಟ್ಟಿನಲ್ಲಿ ಲೆನ್ಸಿನ ಅಳತೆಯನ್ನು (ಫೋಕಲ್ ಲೆಂತ್) ಸುಮಾರು 1.4ರಿಂದ ಗುಣಿಸಿದರೆ ಪೂರ್ಣ ಚೌಕಟ್ಟಿನ ಲೆಕ್ಕ ಸಿಗುತ್ತದೆ. ಕ್ಯಾಮೆರಾದ ಜೊತೆ ಸಾಮಾನ್ಯವಾಗಿ ಬರುವ 38 ಎಂಎಂ ಎಫ್ 1.8 ಲೆನ್ಸ್ ಹೀಗೆ 55 ಎಂಎಂ ನೋಟ ಕೊಡುತ್ತದೆ (ಇಲ್ಲಿ ಎಫ್ ಎಂದರೆ ಲೆನ್ಸ್ ಎಷ್ಟು ತೆರೆಯುತ್ತದೆ ಎಂಬ ಸಂಖ್ಯೆ; ಚಿಕ್ಕದಾದಷ್ಟೂ ಹೆಚ್ಚು ಬೆಳಕು). 25 ಎಂಎಂ ಎಫ್ 4 ಲೆನ್ಸಿನದು 35 ಎಂಎಂ ನೋಟ, 100 ಎಂಎಂ ಎಫ್ 3.5 ಲೆನ್ಸಿನದು 140ರ ಆಸುಪಾಸು. 42 ಎಂಎಂ ಎಫ್ 1.2, 60 ಎಂಎಂ ಎಫ್ 1.5 ಎಂಬ ಹೆಸರುವಾಸಿ ಲೆನ್ಸುಗಳೂ ಇವೆ. ಅವುಗಳ ಬೆಲೆ ಕೇಳಿದರೆ ಕ್ಯಾಮೆರಾವೇ ಅಗ್ಗ ಅನಿಸುತ್ತದೆ. ಡಿಜಿಟಲ್ ಕ್ಯಾಮೆರಾಗಳಿಗೆ ಅಡಾಪ್ಟರ್ ಹಾಕಿ ಬಳಸುವವರು ಅವುಗಳ ಹಿಂದೆ ಬಿದ್ದಿದ್ದಾರೆ. ನೀವು 38 ಎಂಎಂ ಇಟ್ಟುಕೊಂಡು ಮೊದಲ ಐದು ರೀಲು ಮುಗಿಸಿ. ಕೊರತೆ ಏನೆಂದು ಆಮೇಲೆ ನಿಮಗೇ ಗೊತ್ತಾಗುತ್ತದೆ.

ಹೆಜ್ಜೆ 4: ಬ್ಯಾಟರಿ, ಮೀಟರ್ ಮತ್ತು ಶ್ರವಣಯಂತ್ರದ ಅಂಗಡಿ

ಎಫ್ ಅಥವಾ ಎಫ್‌ವಿ ಇರುವವರು ಈ ಭಾಗ ಬಿಟ್ಟು ಮುಂದೆ ಹೋಗಬಹುದು. ಅವಕ್ಕೆ ಬ್ಯಾಟರಿಯೇ ಬೇಡ.

ಎಫ್‌ಟಿಯ ಮೀಟರನ್ನು ರೂಪಿಸಿದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿಗೆ. ಪಾದರಸ ವಿಷವೆಂಬ ಕಾರಣಕ್ಕೆ ಅದು ಈಗ ಮಾರುಕಟ್ಟೆಯಲ್ಲಿ ಇಲ್ಲ. ಅದೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಬ್ಯಾಟರಿ ಸಿಗುತ್ತದೆ, ಹಾಕಿದರೆ ಮುಳ್ಳು ಕದಲುತ್ತದೆ, ಆದರೆ ಸುಳ್ಳು ಹೇಳುತ್ತದೆ. ಬಳಸಿದಂತೆ ಅದರ ವೋಲ್ಟೇಜ್ ಇಳಿಯುವುದರಿಂದ ಇಂದಿನ ಸುಳ್ಳು ಒಂದು, ಮುಂದಿನ ತಿಂಗಳ ಸುಳ್ಳು ಮತ್ತೊಂದು.

ನಾನು ಮಾಡುವುದು ಹೀಗೆ. ಶ್ರವಣಯಂತ್ರ ಮಾರುವ ಅಂಗಡಿಯಲ್ಲಿ '675' ಎಂಬ ಜಿಂಕ್-ಏರ್ ಬ್ಯಾಟರಿ ಕೇಳಿ. ಅದು 1.4 ವೋಲ್ಟಿನದು, ಹಳೆಯದಕ್ಕೆ ಬಹಳ ಹತ್ತಿರ. ಸಾಯುವವರೆಗೂ ವೋಲ್ಟೇಜ್ ಹೆಚ್ಚು ಕದಲುವುದಿಲ್ಲ. ಗಾತ್ರ ಚಿಕ್ಕದು, ಬ್ಯಾಟರಿಯ ಗೂಡಿನಲ್ಲಿ ಅಲ್ಲಾಡುತ್ತದೆ. ಸುತ್ತ ಒಂದು ರಬ್ಬರ್ ರಿಂಗ್ ಹಾಕಿ. ನಲ್ಲಿ ಸಾಮಾನಿನ ಅಂಗಡಿಯ ವಾಷರುಗಳಲ್ಲಿ ಸರಿಹೊಂದುವುದೊಂದು ಸಿಕ್ಕೇ ಸಿಗುತ್ತದೆ. ಬ್ಯಾಟರಿಯ ಮೇಲಿನ ಚೀಟಿ ಕಿತ್ತ ಮೇಲೆ ಗಾಳಿ ಒಳಹೋಗಲು ಕೆಲವು ನಿಮಿಷ ಬಿಟ್ಟು ನಂತರ ಹಾಕಿ. ಸಣ್ಣ ರಂಧ್ರಗಳನ್ನು ಮುಚ್ಚಬೇಡಿ. ಚೀಟಿ ಕಿತ್ತರೆ ಬಳಸಿದರೂ ಬಳಸದಿದ್ದರೂ ಅದರ ಆಯಸ್ಸು ಕೆಲವೇ ತಿಂಗಳು.

ಎಫ್‌ಟಿಗೆ ಮೀಟರ್ ಆರಿಸುವ ಸ್ವಿಚ್ ಇಲ್ಲ, ಬೆಳಕು ಬಿದ್ದಷ್ಟು ಹೊತ್ತು ಕರೆಂಟ್ ಉರಿಯುತ್ತದೆ. ಲೆನ್ಸಿನ ಮುಚ್ಚಳವೇ ಸ್ವಿಚ್ ಎಂದುಕೊಳ್ಳಿ.

ಇನ್ನು ಮೀಟರ್ ಓದುವ ವಿಚಿತ್ರ ಪದ್ಧತಿ. ಕಿಂಡಿಯೊಳಗೆ 0ಯಿಂದ 7ರವರೆಗೆ ಅಂಕಿಗಳು, ಅವುಗಳ ಮೇಲೆ ಒಂದು ಮುಳ್ಳು. ಅವು ಎಫ್ ಸಂಖ್ಯೆಗಳಲ್ಲ. ಮುಳ್ಳು 4 ತೋರಿಸಿದರೆ ಲೆನ್ಸಿನ ಅಪರ್ಚರ್ (ಬೆಳಕಿನ ರಂಧ್ರ) ಹಿಗ್ಗಿಸಿ ಕುಗ್ಗಿಸುವ ಬಳೆಯಲ್ಲಿಯೂ 4 ಎಂಬ ಅಂಕಿಗೆ ತರಬೇಕು. ಲೆನ್ಸ್ ಪೂರ್ತಿ ತೆರೆದಿರುವಾಗ ಅಳೆದು, ಅಲ್ಲಿಂದ ಎಷ್ಟು ಮುಚ್ಚಬೇಕೆಂದು ಹೇಳುವ ಲೆಕ್ಕ ಇದು. ಬಳೆಯ ಒಂದು ಬದಿಯಲ್ಲಿ ಈ ಅಂಕಿಗಳು, ಇನ್ನೊಂದು ಬದಿಯಲ್ಲಿ ನಿಜವಾದ ಎಫ್ ಸಂಖ್ಯೆಗಳು. ಬಳೆಯನ್ನು ಮುಂದಕ್ಕೆ ಎಳೆದು ಅರ್ಧ ಸುತ್ತು ತಿರುಗಿಸಿದರೆ ಬೇಕಾದದ್ದು ಮೇಲೆ ಬರುತ್ತದೆ. ಈ ವಿಷಯ ತಿಳಿಯದೆ "ಲೆನ್ಸಿನಲ್ಲಿ ಎಫ್ ಸಂಖ್ಯೆಯೇ ಇಲ್ಲ" ಎಂದು ವಾಪಸು ಮಾಡಿದವರನ್ನೂ ಕಂಡಿದ್ದೇನೆ.

ನಾನೀಗ ಬಳೆಯ ಎಫ್ ಸಂಖ್ಯೆಯನ್ನೇ ಮೇಲೆ ಇಟ್ಟುಕೊಂಡು, ಮೊಬೈಲಿನ ಮೀಟರ್ ಆ್ಯಪ್‌ನಲ್ಲಿ ಬೆಳಕು ಅಳೆಯುತ್ತೇನೆ. ಜಪಾನಿನ ಎಂಜಿನಿಯರುಗಳ ಕೌಶಲ್ಯಕ್ಕೆ ಇದು ಅವಮಾನವೇ. ಆದರೆ ಫೋಟೊ ಸರಿಯಾಗಿ ಬರುತ್ತದೆ.

ಹೆಜ್ಜೆ 5: ಯಾವ ಫಿಲ್ಮ್?

ಅಳತೆ ಅಪರೂಪದ್ದಾದರೂ ಫಿಲ್ಮ್ ಅಪರೂಪವಲ್ಲ ಎಂಬುದೇ ಹಾಫ್‌ಫ್ರೇಮಿನ ಪುಣ್ಯ. 110, ಎಪಿಎಸ್ ಮುಂತಾದ ಅಳತೆಗಳಿಗೆ ಬೇರೆಯದೇ ಡಬ್ಬಿ ಬೇಕು. ಎಪಿಎಸ್ ಫಿಲ್ಮನ್ನು ಈಗ ಯಾರೂ ತಯಾರಿಸುವುದೇ ಇಲ್ಲ. ನಮಗೆ ಮಾಮೂಲಿ 35 ಎಂಎಂ ರೀಲೇ ಸಾಕು.

ಚಿತ್ರದ ವಿಸ್ತೀರ್ಣ ಅರ್ಧವಾದ್ದರಿಂದ ಅದೇ ಗಾತ್ರದ ಪ್ರಿಂಟಿಗೆ ಹೆಚ್ಚು ಹಿಗ್ಗಿಸಬೇಕಾಗುತ್ತದೆ, ಕಣಗಳೂ ಎದ್ದು ಕಾಣುತ್ತವೆ. ಹಾಗಾಗಿ 100ರಿಂದ 200 ಐಎಸ್ಒ (ಬೆಳಕಿಗೆ ಫಿಲ್ಮ್ ಎಷ್ಟು ಸೂಕ್ಷ್ಮ ಎಂಬ ಅಳತೆ) ಒಳಗಿನ ಫಿಲ್ಮ್ ಉತ್ತಮ. ಕಪ್ಪುಬಿಳುಪಿನಲ್ಲಿ ಇಲ್ಫರ್ಡಿನ ಎಫ್‌ಪಿ4 ಪ್ಲಸ್, ಬಣ್ಣದಲ್ಲಿ ಕೊಡಾಕ್ ಎಕ್ಟಾರ್ 100 ಅಥವಾ ಗೋಲ್ಡ್ 200. ನಮ್ಮ ಬಿಸಿಲಿಗೂ ಇದೇ ಸರಿ. ನೆತ್ತಿಯ ಬಿಸಿಲಲ್ಲಿ ಎಫ್ 16 ಇಟ್ಟರೆ ಶಟರ್ ವೇಗ ಫಿಲ್ಮಿನ ಐಎಸ್ಒದಷ್ಟು ಎಂಬುದು ಹಳೆಯ ಸೂತ್ರ. 400 ಐಎಸ್ಒ ಹಾಕಿದರೆ 1/500, ಎಫ್ 16ರ ಮೂಲೆಗೆ ಸಿಕ್ಕಿಬೀಳುತ್ತೀರಿ. ಈ ಕ್ಯಾಮೆರಾದ ವೇಗ 1/500ಕ್ಕೇ ಮುಗಿಯುತ್ತದೆ. ಎಫ್ 16ರಷ್ಟು ಸಣ್ಣ ಅಪರ್ಚರಿನಲ್ಲಿ ನುಸುಳಿದ ಬೆಳಕು ಚದುರಿ ಚಿತ್ರ ಮೆದುವಾಗುತ್ತದೆ, ಪುಟ್ಟ ಚೌಕಟ್ಟಿನಲ್ಲಿ ಆ ಮೆದು ಬೇಗ ಕಾಣುತ್ತದೆ. 100 ಐಎಸ್ಒದಲ್ಲಿ ಅದೇ ಬಿಸಿಲಿಗೆ 1/500, ಎಫ್ 8 ಹತ್ತಿರ ಬರುತ್ತದೆ. 38 ಎಂಎಂ ಲೆನ್ಸಿಗೆ ಅದು ಹಿತವಾದ ಜಾಗ. ಮಳೆಗಾಲಕ್ಕೆ, ದೇವಸ್ಥಾನದ ಪ್ರಾಕಾರದ ನೆರಳಿಗೆ 400 ಹಾಕಿಕೊಳ್ಳಿ. ಕಣಗಳ ಜೊತೆ ರಾಜಿಯಾಗಬೇಕು ಅಷ್ಟೇ.

ಒಂದು ಎಚ್ಚರಿಕೆ: ಸಿನಿಮಾ ಫಿಲ್ಮನ್ನು ಕತ್ತರಿಸಿ ಡಬ್ಬಿಗೆ ತುಂಬಿ ಅಗ್ಗಕ್ಕೆ ಮಾರುತ್ತಾರೆ. ಅಂಥ ಹಲವು ಫಿಲ್ಮಿನ ಬೆನ್ನಿಗೆ ಮಸಿಯಂಥ ಲೇಪ ಇರುತ್ತದೆ. ಅದನ್ನು ಬಣ್ಣದ ಫಿಲ್ಮ್ ತೊಳೆಯುವ ಮಾಮೂಲಿ ಸಿ-41 ಯಂತ್ರಕ್ಕೆ ಹಾಕಿದರೆ ಲೇಪ ಕರಗಿ ಇಡೀ ಯಂತ್ರದ ದ್ರಾವಣ ಕೆಡುತ್ತದೆ. ಕೊಳ್ಳುವಾಗ ಲೇಪದ ಬಗ್ಗೆ ಕೇಳಿ, ತೊಳೆಯಲು ಕೊಡುವಾಗ ಹೇಳಿ. ಹಾಗೆಯೇ ಅಟ್ಟದ ಟ್ರಂಕಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಡಬ್ಬಿ ಸಿಕ್ಕರೆ ಕಪಾಟಿನಲ್ಲಿ ನೆನಪಿಗೆ ಇಡಿ. ಕಾರ್ಖಾನೆ ಮುಚ್ಚಿ ಹೋಗಿದೆ, ಒಳಗಿನ ಫಿಲ್ಮಿಗೂ ಅಷ್ಟೇ ವಯಸ್ಸಾಗಿದೆ. ಮದುವೆ ಮನೆಗೆ ಅದನ್ನು ಒಯ್ಯಬೇಡಿ.

ಹೆಜ್ಜೆ 6: ರೀಲು ತುಂಬುವುದು

ನೆರಳಿನಲ್ಲಿ ನಿಂತು ಹಿಂಬಾಗಿಲು ತೆರೆಯಿರಿ. ಡಬ್ಬಿ ಎಡಗಡೆಯ ಗೂಡಿಗೆ, ಫಿಲ್ಮಿನ ನಾಲಿಗೆ ಬಲಗಡೆಯ ಉರುಳೆಯ ಸೀಳಿಗೆ. ಸನ್ನೆಯನ್ನು ಎಳೆದು, ಎರಡೂ ಅಂಚಿನ ತೂತುಗಳು ಹಲ್ಲುಗಳ ಮೇಲೆ ಕೂತಿದ್ದನ್ನು ಕಣ್ಣಾರೆ ನೋಡಿದ ಮೇಲೆ ಬಾಗಿಲು ಮುಚ್ಚಿ.

ಈಗ ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಫಿಲ್ಮಿನ ಸಡಿಲು ಹೋಗಿ ಬಿಗಿಯಾದಾಗ ನಿಲ್ಲಿಸಿ. ನಂತರ ಸನ್ನೆ ಎಳೆದಾಗ ಆ ಗುಂಡಿ ಹಿಂದಕ್ಕೆ ತಿರುಗಬೇಕು. ಇತರ ಕ್ಯಾಮೆರಾಗಳಲ್ಲಿ ಪ್ರತಿ ಚಿತ್ರಕ್ಕೆ ಎಂಟು ತೂತಿನಷ್ಟು ಫಿಲ್ಮ್ ಸರಿಯುತ್ತದೆ, ಇದರಲ್ಲಿ ನಾಲ್ಕೇ. ಹಾಗಾಗಿ ಗುಂಡಿ ಅಲ್ಲಾಡಿದ್ದು ಗೊತ್ತಾಗದಷ್ಟು ಕಡಿಮೆ. ನಾನು ಗುಂಡಿಯ ಅಂಚಿನಲ್ಲಿ ಬಿಳಿ ನೇಲ್ ಪಾಲಿಷಿನ ಒಂದು ಚುಕ್ಕೆ ಇಟ್ಟಿದ್ದೇನೆ. ಚುಕ್ಕೆ ಸರಿದರೆ ಫಿಲ್ಮ್ ಓಡುತ್ತಿದೆ. ಈ ಚುಕ್ಕೆ ಇಲ್ಲದ ಕಾಲದಲ್ಲಿ ಒಂದು ಇಡೀ ಜಾತ್ರೆಯನ್ನು ಖಾಲಿ ಎಳೆದಿದ್ದೆ. ತೇರು, ಬೆಂಡು ಬತ್ತಾಸು, ತೊಟ್ಟಿಲ ಚಕ್ರ, ಎಲ್ಲವೂ ನನ್ನ ತಲೆಯಲ್ಲಿ ಮಾತ್ರ ಇವೆ.

ಎಚ್ಚರದಿಂದ ತುಂಬಿದರೆ 36ರ ರೀಲಿನಲ್ಲಿ 72ಕ್ಕಿಂತ ಒಂದೆರಡು ಹೆಚ್ಚೇ ಸಿಗುತ್ತವೆ.

ಹೆಜ್ಜೆ 7: ನಿಂತ ಚೌಕಟ್ಟಿಗೆ ಕಣ್ಣು ಪಳಗಿಸುವುದು

ಕ್ಯಾಮೆರಾವನ್ನು ಮಾಮೂಲಿಯಾಗಿ ಹಿಡಿದರೆ ಚಿತ್ರ ಉದ್ದಕ್ಕೆ ನಿಂತಿರುತ್ತದೆ. ಅಡ್ಡ ಚಿತ್ರ ಬೇಕಾದರೆ ಕ್ಯಾಮೆರಾ ತಿರುಗಿಸಬೇಕು. ಮೊಬೈಲ್ ಹಿಡಿದು ಬೆಳೆದವರಿಗೆ ಇದು ಸಹಜ ಅನಿಸಬಹುದು. ಆದರೂ ಮೊದಲ ರೀಲಿನಲ್ಲಿ ಆಕಾಶ, ರಸ್ತೆಯೇ ತುಂಬಿ ನಡುವೆ ಮನುಷ್ಯ ಚಿಕ್ಕದಾಗಿ ನಿಂತ ಚಿತ್ರಗಳೇ ಹೆಚ್ಚು ಬರುತ್ತವೆ. ಒಂದು ಹೆಜ್ಜೆ ಮುಂದೆ ಹೋಗಿ. ನಿಂತ ಚೌಕಟ್ಟು ನಿಂತದ್ದನ್ನು ಇಷ್ಟಪಡುತ್ತದೆ: ಅಡಿಕೆ ಮರ, ಗರುಡಗಂಬ, ಹಳೆಯ ಮನೆಯ ಬಾಗಿಲಲ್ಲಿ ನಿಂತ ಅಜ್ಜ, ಬಸ್ಸಿನ ಕಿಟಕಿ.

ಫೋಕಸ್ ಮಾಡಲು ಕಿಂಡಿಯ ನಡುವೆ ಮೈಕ್ರೋಪ್ರಿಸಮ್ ವೃತ್ತವಿದೆ. ಫೋಕಸ್ ತಪ್ಪಿದ್ದರೆ ಅಲ್ಲಿ ಬಿಂಬ ಮರಳಿನಂತೆ ಮಿನುಗುತ್ತದೆ, ಸರಿಯಾದಾಗ ಮಿನುಗು ನಿಂತು ತಿಳಿಯಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ 1/60ಕ್ಕಿಂತ ಕೆಳಗೆ ಇಳಿಯಬೇಡಿ. ನೆಗೆಟಿವ್ ಚಿಕ್ಕದಾದಷ್ಟೂ ಕೈ ನಡುಕ ದೊಡ್ಡದಾಗಿ ಕಾಣುತ್ತದೆ.

ಈ ಕ್ಯಾಮೆರಾದ ನಿಜವಾದ ರುಚಿ ಇರುವುದು ಜೋಡಿಯಲ್ಲಿ. ಫಿಲ್ಮಿನ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ ನಿಲ್ಲುತ್ತವೆ, ಮೊದಲು ತೆಗೆದದ್ದು ಎಡಕ್ಕೆ, ನಂತರದ್ದು ಬಲಕ್ಕೆ. ನಾವು ಓದುವ ಕ್ರಮವೇ. ಗಾಂಧಿ ಬಜಾರಿನಲ್ಲಿ ಒಂದು ಬೆಳಗ್ಗೆ ಹೂ ಕಟ್ಟುವ ಹೆಂಗಸೊಬ್ಬರ ಅನುಮತಿ ಕೇಳಿ ಎರಡು ಚಿತ್ರ ತೆಗೆದೆ. ಮೊದಲಿನದು ಬರೀ ಕೈ: ಎಡಗೈ ಬೆರಳುಗಳ ನಡುವೆ ನಾಲ್ಕು ಮಲ್ಲಿಗೆ ಮೊಗ್ಗು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದ ಬಾಳೆನಾರು. ಸನ್ನೆ ಎಳೆದು ತಲೆ ಎತ್ತಿದಾಗ ಅವರು ಗಿರಾಕಿಯ ಜೊತೆ ಮೊಳದ ಲೆಕ್ಕದಲ್ಲಿ ಜಗಳವಾಡುತ್ತಿದ್ದರು, ಕಣ್ಣು ಮಾತ್ರ ನಗುತ್ತಿತ್ತು. ಅದು ಎರಡನೆಯದು. ಬೇರೆ ಬೇರೆ ನೋಡಿದರೆ ಎರಡೂ ಸಾಧಾರಣ. ಒಟ್ಟಿಗೆ ಪ್ರಿಂಟ್ ಹಾಕಿಸಿದಾಗ ಆ ಕೈ ಯಾರದೆಂದು ಮುಖ ಹೇಳಿತು, ಆ ಮುಖ ಏನು ಮಾಡುತ್ತಿತ್ತೆಂದು ಕೈ ಹೇಳಿತು. ಅಂದಿನಿಂದ ನಾನು 72 ಚಿತ್ರ ಎಂದು ಎಣಿಸುವುದನ್ನು ಬಿಟ್ಟು 36 ಜೋಡಿ ಎಂದು ಎಣಿಸುತ್ತೇನೆ.

ಅಭ್ಯಾಸಕ್ಕೆ ಹೀಗೆ ಮಾಡಿ: ಒಂದು ರೀಲಿನಲ್ಲಿ ಪ್ರತಿ ವಿಷಯಕ್ಕೂ ಎರಡೇ ಚಿತ್ರ. ದೂರದಿಂದ ಒಂದು, ಹತ್ತಿರದಿಂದ ಒಂದು. ಅಥವಾ ಮೊದಲಿನದು ಮನುಷ್ಯ, ಎರಡನೆಯದು ಆತ ನೋಡುತ್ತಿರುವುದು. ಒಂದೇ ಚಿತ್ರವನ್ನು ಎರಡು ಸಲ ತೆಗೆದರೆ ಜೋಡಿಯಾಗುವುದಿಲ್ಲ.

ಹೆಜ್ಜೆ 8: ರೀಲು ಮುಗಿಯುವುದೇ ಇಲ್ಲ

ಯಾರೂ ಮೊದಲೇ ಹೇಳದ ಕಷ್ಟ ಇದು. ಯುಗಾದಿಗೆ ಹಾಕಿದ ರೀಲು ಗೌರಿ ಹಬ್ಬಕ್ಕೂ ಮುಗಿದಿರುವುದಿಲ್ಲ. ಕ್ಯಾಮೆರಾದೊಳಗೆ ಬೇಸಿಗೆಯ ಸೆಕೆಯಲ್ಲಿ ಕೂತ ಫಿಲ್ಮಿನ ಬಣ್ಣ ಬಾಡುತ್ತದೆ, ಯಾವ ಫಿಲ್ಮ್ ಹಾಕಿದ್ದೆ ಎಂಬುದೂ ಮರೆಯುತ್ತದೆ. ಡಬ್ಬಿಯ ರಟ್ಟಿನ ತುಂಡನ್ನು ಕ್ಯಾಮೆರಾದ ಬೆನ್ನಿಗೆ ಟೇಪಿನಲ್ಲಿ ಅಂಟಿಸಿ, ಮೇಲೆ ಹಾಕಿದ ತಾರೀಖು ಬರೆಯಿರಿ. 24ರ ರೀಲು ಸಿಕ್ಕರೆ ಅದನ್ನೇ ಕೊಳ್ಳಿ, 48 ಚಿತ್ರ ಧಾರಾಳ. ಮೂರು ತಿಂಗಳು ದಾಟಿದರೆ ಉಳಿದದ್ದನ್ನು ಮನೆಯವರ ಮೇಲೆ ಖರ್ಚು ಮಾಡಿ ಮುಗಿಸಿಬಿಡಿ. ನನ್ನ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಇಂಥ ಕೊನೆಯ ಹತ್ತರಲ್ಲಿ ಬಂದವು.

ವಿಮಾನ ಪ್ರಯಾಣವಿದ್ದರೆ ಫಿಲ್ಮನ್ನು ಕೈಚೀಲದಲ್ಲಿಡಿ, ಲಗೇಜಿಗೆ ಹಾಕಬೇಡಿ. ತಪಾಸಣೆಯಲ್ಲಿ ಸಿಟಿ ಮಾದರಿಯ ಹೊಸ ಸ್ಕ್ಯಾನರ್ ಇದ್ದರೆ ಕೈಯಿಂದಲೇ ಪರೀಕ್ಷಿಸಲು ವಿನಂತಿಸಿ. ಆ ಯಂತ್ರ ತೊಳೆಯದ ಫಿಲ್ಮನ್ನು ಮಸುಕು ಮಾಡುತ್ತದೆ.

ರೀಲು ಮುಗಿದಾಗ ಸನ್ನೆ ಬಿಗಿಯಾಗುತ್ತದೆ. ಬಲ ಹಾಕಬೇಡಿ. ರಿವೈಂಡ್ ಬಿಡುಗಡೆಯ ಗುಂಡಿ ಒತ್ತಿ, ನಿಧಾನವಾಗಿ ಸುತ್ತಿ, ಹಗುರಾದ ಮೇಲೆ ಬಾಗಿಲು ತೆರೆಯಿರಿ.

ಹೆಜ್ಜೆ 9: ಲ್ಯಾಬಿನವರಿಗೆ ಏನು ಹೇಳಬೇಕು

ಡಬ್ಬಿಯ ಮೇಲೆಯೇ ಒಂದು ಚೀಟಿ ಅಂಟಿಸಿ. ನನ್ನದು ಹೀಗಿರುತ್ತದೆ: "ಹಾಫ್‌ಫ್ರೇಮ್. 72 ಚಿತ್ರ. ಕತ್ತರಿಸಬೇಡಿ, ಸುರುಳಿಯಾಗಿಯೇ ಕೊಡಿ." ಬಾಯಲ್ಲಿ ಹೇಳಿದ ಮಾತು ಕೌಂಟರಿನಿಂದ ಒಳಗಿನ ಕೋಣೆಗೆ ಹೋಗುವಷ್ಟರಲ್ಲಿ ಕಳೆದುಹೋಗುತ್ತದೆ, ಚೀಟಿ ಹೋಗುವುದಿಲ್ಲ.

ತೊಳೆಯುವುದರಲ್ಲಿ ವ್ಯತ್ಯಾಸವೇನೂ ಇಲ್ಲ. ಫಿಲ್ಮ್ ಅದೇ, ದ್ರಾವಣ ಅದೇ. ಗೊಂದಲವೆಲ್ಲ ಸ್ಕ್ಯಾನಿನಲ್ಲಿ. ಪ್ರತಿ ಅರ್ಧವನ್ನೂ ಬೇರೆಯಾಗಿ ಸ್ಕ್ಯಾನ್ ಮಾಡಿಸಿದರೆ ಕೆಲಸ ದುಪ್ಪಟ್ಟು, ಕೆಲವರು ಹಣವನ್ನೂ ದುಪ್ಪಟ್ಟು ಕೇಳುತ್ತಾರೆ. ಕೇಳುವುದು ನ್ಯಾಯವೂ ಹೌದು. ಎರಡೆರಡನ್ನು ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿಸಿ, ಇದ್ದುದರಲ್ಲಿ ದೊಡ್ಡ ರೆಸಲ್ಯೂಷನ್ ಕೇಳಿ, ಬೇಕಾದದ್ದನ್ನು ಮನೆಯಲ್ಲಿ ಬೇರ್ಪಡಿಸಿಕೊಳ್ಳಿ. ನಿಮ್ಮ ಜೋಡಿ ಯಂತ್ರದ ಜೋಡಿಗೆ ಸರಿಹೊಂದದೆ ಕೈ ಒಂದು ಫೈಲಿನಲ್ಲಿ, ಮುಖ ಮತ್ತೊಂದರಲ್ಲಿ ಬರಬಹುದು. ಅದಕ್ಕೆ ಕೊಡುವಾಗಲೇ "ಮೊದಲ ಚಿತ್ರದಿಂದ ಜೋಡಿ ಹಿಡಿಯಿರಿ" ಎಂದು ಚೀಟಿಗೆ ಸೇರಿಸಿ.

ಕೆಲವು ರೀಲುಗಳ ನಂತರ ನಾನು ಸ್ಕ್ಯಾನನ್ನು ಮನೆಗೇ ತಂದುಕೊಂಡೆ. ಎಪಿಎಸ್-ಸಿ ಸೆನ್ಸರಿನ ಡಿಜಿಟಲ್ ಕ್ಯಾಮೆರಾ, ವಸ್ತುವನ್ನು ಅದರಷ್ಟೇ ಗಾತ್ರದಲ್ಲಿ (1:1) ಸೆರೆಹಿಡಿಯುವ ಮ್ಯಾಕ್ರೊ ಲೆನ್ಸ್, ಕೆಳಗೆ ಸಮನಾದ ಬಿಳಿ ಬೆಳಕಿನ ಫಲಕ, ಗಟ್ಟಿ ಸ್ಟ್ಯಾಂಡ್. ಆ ಸೆನ್ಸರ್ ಸುಮಾರು 16×24 ಮಿಲಿಮೀಟರ್, ನಮ್ಮ ನೆಗೆಟಿವಿಗೆ ಅಣ್ಣತಮ್ಮನ ಹಾಗೆ. ಬೇಕಾದ ಎರಡನ್ನು ಬೇಕಾದಂತೆ ಜೋಡಿಸಿಕೊಳ್ಳಬಹುದು.

ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯುವವರಿಗೆ ಒಂದೇ ಮಾತು. ಇಲ್ಫರ್ಡಿನ 400 ಐಎಸ್ಒ ಎಚ್‌ಪಿ5 ಪ್ಲಸ್ ಫಿಲ್ಮನ್ನು ಐಡಿ-11 ಎಂಬ ಡೆವಲಪರ್ ದ್ರಾವಣದಲ್ಲಿ, ನೀರು ಬೆರೆಸದೆ, 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಇಡಬೇಕು. ಆ 20 ಡಿಗ್ರಿ ನಮ್ಮ ನಲ್ಲಿ ನೀರಿನಲ್ಲಿ ಏಪ್ರಿಲಿನಲ್ಲಿ ಸಿಗುವುದಿಲ್ಲ. ದ್ರಾವಣದ ಬಾಟಲಿಯನ್ನು ಐಸ್ ತುಂಬಿದ ಬಕೆಟ್‌ನಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡುತ್ತ ಕಾಯಿರಿ. ಐಸನ್ನು ದ್ರಾವಣದೊಳಗೇ ಹಾಕಬೇಡಿ. ಬಿಸಿ ದ್ರಾವಣದಲ್ಲಿ ಅವಸರ ಮಾಡಿದರೆ ಚಿತ್ರ ಹೆಚ್ಚು ಕುದಿದಂತಾಗಿ ಕಣಗಳು ಎದ್ದು ನಿಲ್ಲುತ್ತವೆ. ಪೂರ್ಣ ಚೌಕಟ್ಟಿನಲ್ಲಿ ಅದನ್ನು ಮುಚ್ಚಿಡಬಹುದು, ಅರ್ಧದಲ್ಲಿ ಆಗುವುದಿಲ್ಲ.

ನೆಗೆಟಿವನ್ನು ಕತ್ತರಿಸುವ ಕೆಲಸ ನಿಮ್ಮದೇ ಆಗಲಿ. ಆರು ಪೂರ್ಣ ಚಿತ್ರಗಳ ಪ್ಲಾಸ್ಟಿಕ್ ಜೇಬಿನಲ್ಲಿ ಹನ್ನೆರಡು ಅರ್ಧ ಚಿತ್ರ ಕೂರುತ್ತವೆ. ಕಿಟಕಿಯ ಬೆಳಕಿಗೆ ಹಿಡಿದು, ಹನ್ನೆರಡು ಎಣಿಸಿ, ಚಿತ್ರಗಳ ನಡುವಿನ ಕಿರಿದಾದ ಖಾಲಿ ಗೆರೆಯಲ್ಲಿ ಕತ್ತರಿ ಹಾಕಿ. ಗೆರೆ ಒಂದು ಮಿಲಿಮೀಟರಿನಷ್ಟೇ ಅಗಲ. ಕನ್ನಡಕ ಹಾಕಿಕೊಳ್ಳಿ.

ಹೆಜ್ಜೆ 10: ಮಳೆಗಾಲ ಕಳೆಯುವುದು

ಚರ್ಮದ ಹಳೆಯ ಕೇಸಿನಲ್ಲಿ ಕ್ಯಾಮೆರಾ ಇಡಬೇಡಿ. ಎಷ್ಟೇ ಅಂದವಾಗಿರಲಿ, ಅದು ತೇವ ಹೀರಿಕೊಂಡು ಬೂಸ್ಟಿಗೆ ಮನೆ ಮಾಡಿಕೊಡುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದಿನಿಂದ ಕ್ಯಾಮೆರಾದೊಳಗೆ ಹುಡಿ ಸೇರುತ್ತದೆ. ಜೆಲ್ಲಿನ ಬಣ್ಣ ಬದಲಾದಾಗ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಗೆ ಮರಳಿ ಹೋಗಬಾರದು. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮೆ ಯುದ್ಧವೇ ಆಗಿದೆ.

ತಿಂಗಳಿಗೊಮ್ಮೆ ಡಬ್ಬಿಯಿಂದ ತೆಗೆದು, ಎಫ್‌ಟಿ ಆಗಿದ್ದರೆ ಬ್ಯಾಟರಿ ಸೋರಿದೆಯೇ ನೋಡಿ, ಎಲ್ಲ ವೇಗದಲ್ಲೂ ಶಟರ್ ಒತ್ತಿ. ಒಂದು ಸೆಕೆಂಡಿನ ಗರಗರವನ್ನು ಕಿವಿಗೊಟ್ಟು ಕೇಳಿ. ಅದು ತಡವರಿಸತೊಡಗಿದ ತಿಂಗಳೇ ರಿಪೇರಿಯವರಿಗೆ ಒಯ್ಯಿರಿ. ಒಯ್ಯುವ ಮೊದಲು ಫೋನ್ ಮಾಡಿ, ಪೆನ್ ಎಫ್ ಬಿಚ್ಚಿ ಅಭ್ಯಾಸವಿದೆಯೇ ಎಂದು ನೇರವಾಗಿ ಕೇಳಿ. ಕನ್ನಡಿ ಯಾವ ಕಡೆಗೆ ತೆರೆಯುತ್ತದೆ ಎಂಬ ಪ್ರಶ್ನೆಗೆ "ಮೇಲಕ್ಕೆ" ಎಂದರೆ ಬೇರೆಯವರನ್ನು ಹುಡುಕಿ.